ವಿಮಾನಕ್ಕೊಂದು ಎಂಟ್ರಿ

ನಮ್ಮ ಮನೆಯ ಕಂಪ್ಯೂಟರಿಗೆ ಒಂದು ಸೀಟಿ ಕಟ್ಟಿದೆ. ಬಸ್ ಕಂಡಕ್ಟರುಗಳು ಬಾಯಲ್ಲಿಟ್ಟು ಊದುತ್ತಾರಲ್ಲ, ಅದೇ ಸೀಟಿ. ಪರದೆಯ ಎಡಮೂಲೆಯಲ್ಲಿ ಕಪ್ಪು ದಾರಕ್ಕೆ ತೂಗುತ್ತಿರುತ್ತದೆ. ಅದರ ಕೆಳಗೆ ಒಣಗಿ ಗೋಲಿಯಷ್ಟಾದ ಒಂದು ನಿಂಬೆಹಣ್ಣು, ಎರಡು ಮೆಣಸಿನಕಾಯಿ. ಮನೆಗೆ ಬಂದವರು ಮೊದಲು ಅದನ್ನು ನೋಡುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ, ಆಮೇಲೆ ಅಡುಗೆಮನೆಯಲ್ಲಿರುವ ನನ್ನ ಹೆಂಡತಿಯ ಕಡೆ ಮರುಕದಿಂದ ನೋಡುತ್ತಾರೆ. ಮೊನ್ನೆ ಇಂಟರ್ನೆಟ್ಟಿನ ವೈರು ಸರಿಮಾಡಲು ಬಂದವನು ‘ಇದೇನ್ರಿ ಸರ್?’ ಎಂದು ಕೇಳಿಯೇ ಬಿಟ್ಟ. ‘ಇದಿಲ್ಲಂದ್ರ ವಿಮಾನ ಏಳೂದಿಲ್ಲಪಾ’ ಎಂದೆ. ಅವನು ಲಗುಬಗೆಯಿಂದ ಚೀಲ ಎತ್ತಿಕೊಂಡು ಹೋದ. ವೈರು ಇನ್ನೂ ಹಾಗೆಯೇ ಇದೆ.

ನಿಮ್ಮ ಹತ್ತಿರ ಮುಚ್ಚುಮರೆ ಏಕೆ, ಹೇಳಿಬಿಡುತ್ತೇನೆ. ನಾನು ಕಂಟ್ರೋಲರ್ ಆಗಿದ್ದವನು. ವಿಮಾನದ್ದಲ್ಲ, ಬಸ್ಸಿನದು. ಮೊದಲು ಕೆಲವು ವರ್ಷ ಮಾನ್ವಿ, ಆಮೇಲೆ ನಿವೃತ್ತಿಯ ತನಕ ದೇವದುರ್ಗದ ಬಸ್ ಸ್ಟ್ಯಾಂಡು. ತಂತಿ ಜಾಳಿಗೆಯ ಕಿಂಡಿ, ಕಿಂಡಿಯ ಹಿಂದೆ ಕುರ್ಚಿ, ಕುರ್ಚಿಯ ಮೇಲೆ ನಾನು, ನನ್ನ ಮುಂದೆ ಮೈಕು, ಮೈಕಿನ ಪಕ್ಕ ಉದ್ದನೆಯ ಎಂಟ್ರಿ ಪುಸ್ತಕ. ಕಂಡಕ್ಟರ್ ಕಿಂಡಿಗೆ ಬಂದು ಹಾಳೆ ಚಾಚಬೇಕು. ನಾನು ಗೋಡೆಯ ಗಡಿಯಾರ ನೋಡಿ ಗಾಡಿ ಬಂದ ಹೊತ್ತು, ಬಿಡುವ ಹೊತ್ತು ಬರೆದು ಸಹಿ ಹಾಕಬೇಕು. ಇದಕ್ಕೆ ಎಂಟ್ರಿ ಎನ್ನುತ್ತಾರೆ. ಎಂಟ್ರಿ ಆಗದೆ ಗಾಡಿ ಅಲುಗುವಂತಿಲ್ಲ. ಒಳಗೆ ಜನ ಬೆವರಿ ಬೇಯುತ್ತಿರಲಿ, ಮೇಲೆ ಕುರಿಮರಿ ಅರಚುತ್ತಿರಲಿ, ನಾನು ಪೆನ್ನಿನ ಮುಚ್ಚಳ ತೆಗೆಯುವ ತನಕ ದೇವದುರ್ಗ ಇದ್ದಲ್ಲೇ ಇರುತ್ತಿತ್ತು. ಆ ಮುಚ್ಚಳವನ್ನು ನಾನು ಬೇಕೆಂದೇ ಸ್ವಲ್ಪ ನಿಧಾನವಾಗಿ ತೆಗೆಯುತ್ತಿದ್ದೆ ಎಂದು ಈಗ ಒಪ್ಪಿಕೊಳ್ಳಲು ಅಡ್ಡಿಯಿಲ್ಲ.

ಆದರೆ ಒಂದು ಮಾತು. ಮೂವತ್ತೊಂದು ವರ್ಷದಲ್ಲಿ ನಾನು ಒಂದೇ ಒಂದು ಸುಳ್ಳು ಎಂಟ್ರಿಯನ್ನೂ ಹಾಕಿದವನಲ್ಲ. ‘ಸರ, ಹತ್ತ ನಿಮಿಷ ಹಿಂದ ಹಾಕ್ರಿ, ಮುಂದ ಮೆಮೋ ಕೊಡ್ತಾರ’ ಎಂದು ಡ್ರೈವರುಗಳು ಕಿಂಡಿಯಲ್ಲಿ ಮೂಗು ತೂರಿಸಿ ಬೇಡಿಕೊಂಡಿದ್ದಾರೆ. ಸೀತಾಫಲ ತಂದಿದ್ದಾರೆ, ಸಜ್ಜಿ ರೊಟ್ಟಿ ತಂದಿದ್ದಾರೆ. ಸೀತಾಫಲ ತಿಂದಿದ್ದೇನೆ, ರೊಟ್ಟಿಯನ್ನೂ ತಿಂದಿದ್ದೇನೆ, ಎಂಟ್ರಿ ಮಾತ್ರ ಗಡಿಯಾರ ತೋರಿಸಿದ್ದನ್ನೇ ಹಾಕಿದ್ದೇನೆ. ಈ ಒಂದು ಗುಣಕ್ಕೆ ನನ್ನನ್ನು ಯಾರೂ ಇಷ್ಟಪಡುತ್ತಿರಲಿಲ್ಲ. ನನಗೆ ಅದೇ ದೊಡ್ಡ ಹೆಮ್ಮೆ.

ಈ ಚಟ ಹತ್ತಿದ್ದು ಅರಕೇರಾದಲ್ಲಿ, ಸಣ್ಣವನಿದ್ದಾಗ. ನಮ್ಮ ಮನೆಯ ಕಟ್ಟೆ ಬಸ್ಸು. ನಾನೇ ಡ್ರೈವರ್, ನಾನೇ ಕಂಡಕ್ಟರ್, ನಾನೇ ಕಂಟ್ರೋಲರ್. ಅಕ್ಕ ಗಂಗವ್ವ ಒಬ್ಬಳೇ ಪ್ರಯಾಣಿಕಳು. ಬೇವಿನ ಎಲೆ ಟಿಕೇಟು. ‘ಎಲ್ಲಿಗೆ?’ ಎಂದು ಕೇಳಿದರೆ ಎಲ್ಲರ ಹಾಗೆ ಸಿರವಾರ, ರಾಯಚೂರು ಎನ್ನಬೇಕಲ್ಲವೆ? ಅವಳು ಬೆರಳು ಮೇಲಕ್ಕೆ ಮಾಡಿ ‘ಅಲ್ಲಿಗೆ’ ಎನ್ನುತ್ತಿದ್ದಳು. ಮೇಲೆ ಆಗೊಮ್ಮೆ ಈಗೊಮ್ಮೆ ವಿಮಾನ ಹೋಗುತ್ತಿತ್ತು. ಎಲ್ಲಿಂದ ಬರುತ್ತಿತ್ತೋ ಎಲ್ಲಿಗೆ ಹೋಗುತ್ತಿತ್ತೋ ಅರಕೇರಾದಲ್ಲಿ ಯಾರಿಗೂ ಗೊತ್ತಿರಲಿಲ್ಲ. ‘ಆ ರೂಟು ನಮ್ಮದಲ್ಲ’ ಎಂದು ನಾನು ಟಿಕೇಟು ಕೊಡುತ್ತಿರಲಿಲ್ಲ. ಬೇವಿನ ಮರ ತುಂಬ ಎಲೆ ಇದ್ದವು, ಒಂದು ಎಲೆ ಹರಿದು ಕೊಟ್ಟಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಕೊಡಲಿಲ್ಲ. ಅವಳು ಕಟ್ಟೆಯಿಂದ ಜಿಗಿದು ಅಂಗಳದ ನಡುವೆ ನಿಂತು ವಿಮಾನಕ್ಕೆ ಕೈ ಬೀಸುತ್ತಿದ್ದಳು, ಅದು ಚುಕ್ಕೆಯಾಗಿ ಕರಗುವ ತನಕ.

ಮದುವೆಯಾಗಿ ಜಾಲಹಳ್ಳಿಗೆ ಹೋದ ಮೇಲೂ ಕೈ ಬೀಸುವುದು ಬಿಡಲಿಲ್ಲ. ಹತ್ತಿ ಬಿಡಿಸುತ್ತಿರಲಿ, ತೊಗರಿ ಕೇರುತ್ತಿರಲಿ, ಮೇಲೆ ಗುಂಯ್ ಎಂದರೆ ಕೈ ಎತ್ತುವಳು. ‘ಆ ವಿಮಾನದಾಂವ ಏನು ನಿನ್ನ ಬೀಗನೇನು?’ ಎಂದು ಜೊತೆಯ ಹೆಂಗಸರು ನಗುತ್ತಿದ್ದರು. ‘ಇಷ್ಟು ವರ್ಷ ಕೈ ಮಾಡೀನಿ, ಗುರ್ತು ಹಿಡದಿರ್ತಾನ ಬಿಡ್ರಿ’ ಎನ್ನುವಳು. ಅವಳಿಗೀಗ ಅರವತ್ತು ದಾಟಿದೆ.

ಅವಳ ಗಂಡ ನಾಗಪ್ಪ ಮಾಮಾ ಡ್ರೈವರ್. ಜಾಲಹಳ್ಳಿಯಿಂದ ದೇವದುರ್ಗದ ಮೇಲೆ ರಾಯಚೂರಿಗೆ ಗಾಡಿ ಹೊಡೆಯುತ್ತಿದ್ದ. ಅಂದರೆ ದಿನಾ ನನ್ನ ಕಿಂಡಿಯ ಮುಂದೆ ಹಾಯಲೇಬೇಕು. ಮಾಮಾನ ಹೊಲ ರಸ್ತೆಯ ಬದಿಗೇ. ಅಕ್ಕ ಅಲ್ಲಿ ರೊಟ್ಟಿ ಬುತ್ತಿ ಹಿಡಿದು ನಿಂತಿರುತ್ತಿದ್ದಳು. ಸ್ಟಾಪು ಇಲ್ಲದ ಜಾಗದಲ್ಲಿ ಮಾಮಾ ಗಾಡಿ ನಿಲ್ಲಿಸಿ ಬುತ್ತಿ ಇಸಿದುಕೊಂಡು, ಎರಡು ಮಾತಾಡಿ, ಮತ್ತೆ ಹೊರಡುತ್ತಿದ್ದ. ಒಂದು ದಿನ ಏಳು ನಿಮಿಷ ತಡವಾಗಿ ಬಂದ. ನಾನು ಏಳು ನಿಮಿಷ ತಡ ಎಂದೇ ಹಾಕಿದೆ. ಕಾರಣ ಎನ್ನುವ ಕಡೆ ‘ರೊಟ್ಟಿ’ ಎಂದು ಬರೆದೆ. ಮಾಮಾನಿಗೆ ಮೆಮೋ ಬಂತು. ಆ ವರ್ಷ ಯುಗಾದಿಗೆ ಅಕ್ಕನ ಮನೆಯಿಂದ ಹೋಳಿಗೆ ಬರಲಿಲ್ಲ. ಅದರ ಮುಂದಿನ ವರ್ಷವೂ ಬರಲಿಲ್ಲ. ಮೂರನೆಯ ವರ್ಷ ಬಂತು, ಆದರೆ ಹೂರಣದಲ್ಲಿ ಬೆಲ್ಲ ಕಡಿಮೆ ಇತ್ತು.

ಇರಲಿ, ವಿಮಾನಕ್ಕೆ ಬರೋಣ. ನಿವೃತ್ತನಾಗಿ ರಾಯಚೂರಿನಲ್ಲಿ ಮನೆ ಮಾಡಿದ ಮೇಲೆ ನನಗೆ ಮಾಡಲು ಕೆಲಸವಿರಲಿಲ್ಲ. ಎಂಟ್ರಿ ಹಾಕದೆ ಕೈ ಕಡಿಯತೊಡಗಿತು. ಹಾಲಿನವನು ಬಂದ ಹೊತ್ತು, ನೀರು ಬಿಟ್ಟ ಹೊತ್ತು, ಹೆಂಡತಿ ಸಂತೆಗೆ ಹೋದ ಹೊತ್ತು, ಬಂದ ಹೊತ್ತು ಎಲ್ಲ ಒಂದು ಉದ್ದ ನೋಟುಬುಕ್ಕಿನಲ್ಲಿ ಬರೆಯಲು ಶುರುಮಾಡಿದೆ. ಹೆಂಡತಿಯ ಎಂಟ್ರಿ ಹಾಕಿದ ಮೂರನೆಯ ದಿನ ಅವಳೇ ಕಂಪ್ಯೂಟರ್ ರಿಪೇರಿಯವನನ್ನು ಕರೆಸಿ, ‘ಇವರಿಗೇನರ ಒಂದು ಹಚ್ಚಿ ಕೊಡಪ್ಪಾ, ಪುಣ್ಯ ಬರ್ತದ’ ಎಂದು ಕೈ ಮುಗಿದಳು. ಅವನು ವಿಮಾನ ಓಡಿಸುವ ಆಟವೊಂದನ್ನು ಹಾಕಿದ. ಕೈಯಲ್ಲಿ ಹಿಡಿದು ತಿರುಗಿಸಲು ಒಂದು ಹಿಡಿಕೆಯನ್ನೂ ಕೊಟ್ಟ.

ಮೊದಲ ದಿನ ವಿಮಾನ ಹೈದರಾಬಾದಿನಲ್ಲಿ ನಿಂತಿತ್ತು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡೆ. ಒಳಗೆ ಒಬ್ಬ ಗಡಸು ದನಿಯವನು ಇಂಗ್ಲಿಷಿನಲ್ಲಿ ಏನೇನೋ ಹೇಳುತ್ತಿದ್ದ. ಅವನು ಕಂಟ್ರೋಲರ್ ಎಂದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ನಮ್ಮವನು! ಆದರೆ ಐದು ನಿಮಿಷದಲ್ಲಿ ಸಂತೋಷ ಇಳಿಯಿತು. ಏಕೆಂದರೆ ಅವನು ನನಗೇ ‘ಅಲ್ಲೇ ತಡಿ’ ಎಂದ. ನನಗೆ! ರನ್‌ವೇಯ ಗೆರೆಯ ಹಿಂದೆ ಹತ್ತು ನಿಮಿಷ ನಿಲ್ಲಿಸಿದ. ಈ ವಿದ್ಯೆ ನನಗೆ ಹೊಸದಲ್ಲ. ಚಹಾ ಕುಡಿಯುತ್ತಿದ್ದಾನೆ, ಪೆನ್ನಿನ ಮುಚ್ಚಳ ಬೇಕೆಂದೇ ನಿಧಾನವಾಗಿ ತೆಗೆಯುತ್ತಿದ್ದಾನೆ ಎಂದು ನನಗೆ ಖಾತ್ರಿಯಾಗಿತ್ತು. ‘ಸಾಹೇಬ್ರ, ಒಳಗ ಜನ ಕುಂತಾರ’ ಎಂದು ಮೈಕಿನಲ್ಲಿ ಹೇಳಿಯೂ ಹೇಳಿದೆ. ಪ್ರಯೋಜನವಾಗಲಿಲ್ಲ. ಆಮೇಲೆ ಗೊತ್ತಾಯಿತು, ಹೊರಡುತ್ತೇನೆಂದು ನಾನು ಒಂದು ಗುಂಡಿ ಒತ್ತಿ ಕೇಳಬೇಕಿತ್ತಂತೆ. ನಾನು ಅವನು ಹೇಳಲಿ ಎಂದು ಕಾಯುತ್ತಿದ್ದೆ, ಅವನು ನಾನು ಕೇಳಲಿ ಎಂದು ಕಾಯುತ್ತಿದ್ದ. ಇಬ್ಬರು ಕಂಟ್ರೋಲರುಗಳು ಎದುರುಬದುರಾದರೆ ಗಾಡಿ ಹೊರಡುವುದುಂಟೆ?

ಕ್ರಮೇಣ ಕಲಿತೆ. ಇಷ್ಟು ಎತ್ತರ ಏರು ಎಂದರೆ ಏರುವುದು, ಎಡಕ್ಕೆ ತಿರುಗು ಎಂದರೆ ತಿರುಗುವುದು, ಹೇಳಿದ್ದನ್ನು ಮತ್ತೆ ಅವನಿಗೇ ಒಪ್ಪಿಸುವುದು. ಹೆಂಡತಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, ‘ಮೂವತ್ತು ವರ್ಷದಾಗ ಒಮ್ಮೆನೂ ನನ್ನ ಮಾತು ಹಿಂಗ ಕೇಳಿಲ್ಲ ನೋಡ್ರಿ’ ಎಂದಳು. ಅವಳಿಗೆ ಏನು ಗೊತ್ತು, ಆಕಾಶದಲ್ಲಿ ಮಾತು ಕೇಳದಿದ್ದರೆ ಏನಾಗುತ್ತದೆ ಎಂದು.

ಪರದೆಯ ಮೂಲೆಯಲ್ಲಿ ಜಿಪಿಎಸ್ಸಿನ ಸಣ್ಣ ನಕ್ಷೆಯೂ ಇತ್ತು. ಎಲ್ಲಿಂದ ಎಲ್ಲಿಗೆ ಎಂದು ಹೇಳಿದರೆ ಅದು ಒಂದು ಗುಲಾಬಿ ಗೆರೆ ಎಳೆಯುತ್ತದೆ. ಆ ಗೆರೆಯ ಮೇಲೆ ಹೋದರೆ ಸಾಕು. ಒಂದು ಮಧ್ಯಾಹ್ನ ಸುಮ್ಮನೆ ಹೈದರಾಬಾದಿನಿಂದ ಹುಬ್ಬಳ್ಳಿಗೆ ಎಂದು ಒತ್ತಿದೆ. ಗೆರೆ ಎಲ್ಲಿ ಹಾಯ್ದಿತು ಅಂತೀರಿ? ಸೀದಾ ನಮ್ಮ ದೇವದುರ್ಗದ ತಲೆಯ ಮೇಲೆ! ಅಲ್ಲಿಂದ ಜಾಲಹಳ್ಳಿಯ ಪಕ್ಕದಲ್ಲೇ! ನನಗೆ ಮೈ ಜುಂ ಎಂದಿತು. ಅಕ್ಕ ಕೈ ಬೀಸುತ್ತಿದ್ದ ವಿಮಾನ ಇದೇ ಇರಬೇಕು. ಬಸ್ ಸ್ಟ್ಯಾಂಡು ನೋಡೋಣವೆಂದು ಕೆಳಗಿಳಿದೆ. ಬಸ್ ಸ್ಟ್ಯಾಂಡು ಇರಬೇಕಾದ ಕಡೆ ಆಟದವರು ಒಂದು ತೆಂಗಿನ ತೋಪು ಬೆಳೆಸಿದ್ದರು. ನನ್ನ ಕಿಂಡಿಯ ಜಾಗದಲ್ಲಿ ತೆಂಗಿನ ಮರ! ಹೊಟ್ಟೆ ಉರಿಯಿತು. ಅಷ್ಟರಲ್ಲಿ ಕಿವಿಯಲ್ಲಿ ಕಂಟ್ರೋಲರ್ ಸಿಡುಕಿದ, ಕೇಳದೆ ಯಾಕೆ ಇಳಿದೆ, ಮೇಲೇರು ಎಂದು. ಏರಿದೆ. ಅವತ್ತು ನೋಟುಬುಕ್ಕಿನಲ್ಲಿ ಬರೆದೆ: ಹೈದರಾಬಾದ್–ಹುಬ್ಬಳ್ಳಿ, ದೇವದುರ್ಗ ಹಾಯ್ದದ್ದು ಮೂರು ಹನ್ನೆರಡಕ್ಕೆ, ತಡ ನಾಲ್ಕು ನಿಮಿಷ, ಕಾರಣ: ತೆಂಗಿನ ಮರ.

ಇದಾದ ಕೆಲವು ದಿನಕ್ಕೆ ಮಾಮಾ ದವಡೆ ಹಲ್ಲು ಕೀಳಿಸಲು ರಾಯಚೂರಿಗೆ ಬಂದ. ಜೊತೆಗೆ ಅಕ್ಕನೂ ಬಂದಳು. ಹಲ್ಲು ಹೋಗಿ, ದವಡೆಯಲ್ಲಿ ಅರಳೆ ತುಂಬಿಕೊಂಡು, ಒಂದು ಕೆನ್ನೆ ಊದಿಸಿಕೊಂಡು ಮಾಮಾ ನಮ್ಮ ಪಡಸಾಲೆಯಲ್ಲಿ ಕೂತಿದ್ದ. ನಾನು ಅಕ್ಕನಿಗೆ ಗುಲಾಬಿ ಗೆರೆ ತೋರಿಸಿದೆ.

‘ಇದು ನಿಮ್ಮ ಹೊಲದ ಮ್ಯಾಲ ಹೋಗೂ ವಿಮಾನ, ಅಕ್ಕಾ.’

ಅವಳು ಬಹಳ ಹೊತ್ತು ಪರದೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗದೆಯೇ, ‘ತಮ್ಮಾ, ಇದ್ರಾಗ ಒಮ್ಮೆ ಕುಂದರಬೇಕಪಾ. ಎಲ್ಲಿಗೂ ಹೋಗೂದು ಬ್ಯಾಡ. ನಮ್ಮ ಹೊಲ ಮ್ಯಾಲಿಂದ ನೋಡಬೇಕು, ಅಷ್ಟ’ ಎಂದಳು.

‘ಏನು ಶಾಣ್ಯಾತನ!’ ಎಂದು ಮಾಮಾ ಅರಳೆಯ ನಡುವಿನಿಂದಲೇ ಗದರಿದ. ‘ಜಾಲಹಳ್ಳಿ ನೋಡಾಕ ಜಾಲಹಳ್ಳಿ ಬಿಟ್ಟು ಹೈದರಾಬಾದಿಗೆ ಹೋಗಬೇಕು, ಅಲ್ಲಿಂದ ಹುಬ್ಬಳ್ಳಿಗೆ ಹಾರಬೇಕು, ಅಲ್ಲಿಂದ ಬಸ್ಸಿಗೆ ಮತ್ತ ಜಾಲಹಳ್ಳಿಗೆ ಬರಬೇಕು. ಮಾಳಿಗಿ ಹತ್ತಿದ್ರ ಕಾಣೂದಿಲ್ಲೇನು ಹೊಲ?’

‘ನೀವು ಬರದಿದ್ರ ನಾ ಹೋಗೂದಿಲ್ರಿ’ ಎಂದಳು ಅಕ್ಕ.

‘ಡ್ರೈವರನ ಮಾರಿ ಕಾಣದ ಗಾಡಿಯಾಗ ನಾ ಕುಂದರೂದಿಲ್ಲ.’

ಮಾತು ಅಲ್ಲಿಗೆ ಮುಗಿಯಿತು. ಇದು ಮಾಮಾನ ಹಳೆಯ ನೇಮ. ಬಸ್ಸಿನಲ್ಲಿ ಹೋದರೂ ಡ್ರೈವರನ ಬೆನ್ನ ಹಿಂದಿನ ಸೀಟಿನಲ್ಲೇ ಕೂತು, ಅವನು ಗೇರು ಹಾಕಿದಾಗ ತಾನೂ ಕಾಲು ಒತ್ತುವ ಆಸಾಮಿ. ಅಕ್ಕ ಸೆರಗಿನಿಂದ ಪರದೆಯ ಧೂಳು ಒರೆಸಿದಳು. ನನಗೆ ಬೇವಿನ ಎಲೆ ನೆನಪಾಯಿತು. ಅರವತ್ತು ದಾಟಿದವಳಿಗೆ ಇನ್ನೊಮ್ಮೆ ‘ಆ ರೂಟು ನಮ್ಮದಲ್ಲ’ ಎನ್ನುವುದಕ್ಕೆ ನನ್ನಿಂದ ಆಗಲಿಲ್ಲ. ಏನಾದರೂ ಮಾಡಿ ಮಾಮಾನನ್ನು ಒಪ್ಪಿಸಬೇಕೆಂದು ಅಲ್ಲೇ ಗಟ್ಟಿ ಮಾಡಿಕೊಂಡೆ.

‘ಡ್ರೈವರನ ಮಾರಿ ಯಾಕ ಬೇಕು ಮಾಮಾ, ನೀವ ಹೊಡೀರಿ. ಕುಂದರ್ರಿ’ ಎಂದೆ.

ಹಲ್ಲು ನೋವಿನಲ್ಲಿದ್ದರೂ ಗಾಡಿ ಎಂದಕೂಡಲೆ ಮಾಮಾನ ಕಣ್ಣು ಮಿಂಚಿತು. ಎದ್ದು ಚಪ್ಪಲಿ ಬಾಗಿಲ ಹೊರಗೆ ಬಿಟ್ಟು ಬಂದ. ಹಿಡಿಕೆ ಮುಟ್ಟಿ ಕಣ್ಣಿಗೊತ್ತಿಕೊಂಡ. ‘ನಿಂಬಿಹಣ್ಣು ಎಲ್ಲದ?’ ಎಂದ. ನನ್ನ ಹೆಂಡತಿ ನಿಂಬೆಹಣ್ಣು, ಮೆಣಸಿನಕಾಯಿ ದಾರಕ್ಕೆ ಪೋಣಿಸಿ ತಂದು ಪರದೆಗೆ ಕಟ್ಟಿದಳು. ಕಂಟ್ರೋಲರನಿಂದ ಹೊರಡಲು ಅಪ್ಪಣೆ ಸಿಕ್ಕಿತು. ಮಾಮಾ ಅಲುಗಲಿಲ್ಲ.

‘ಹೋಗ್ರಿ ಮಾಮಾ, ರೈಟ್ ಅಂದಾನ.’

‘ಕಂಟ್ರೋಲರ್ ಅಂದ್ರ ಆತೇನು? ಕಂಡಕ್ಟರ್ ಸೀಟಿ ಹೊಡೀಬೇಕು.’

ಸೀಟಿ ಎಲ್ಲಿಂದ ತರುವುದು? ಮಾಮಾನ ಕೈಚೀಲದಲ್ಲೇ ಇತ್ತು. ನಿವೃತ್ತಿಯ ದಿನ ಅವನ ಹಳೆಯ ಕಂಡಕ್ಟರ್ ನೆನಪಿಗೆಂದು ಕೊಟ್ಟದ್ದು, ಮನೆಯ ಕೀಲಿಗೊಂಚಲಿಗೆ ಕಟ್ಟಿಕೊಂಡಿದ್ದ. ಮಾಮಾನ ಬಾಯಲ್ಲಿ ಅರಳೆ, ನನ್ನ ಕಿವಿಯಲ್ಲಿ ಹೆಡ್‌ಫೋನು. ಹೀಗಾಗಿ ಸೀಟಿ ಅಕ್ಕನ ಪಾಲಿಗೆ ಬಂತು. ಅವಳು ಕುರ್ಚಿ ಎಳೆದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡು ಸಲ ಊದಿದಳು. ನಿಮಗೆ ಗೊತ್ತಲ್ಲ, ಎರಡು ಸೀಟಿ ಎಂದರೆ ಹೊರಡು, ಒಂದು ಸೀಟಿ ಎಂದರೆ ನಿಲ್ಲಿಸು. ವಿಮಾನ ಹೊರಟಿತು. ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿದರು.

ನಿಜ ಹೇಳುತ್ತೇನೆ, ಮಾಮಾ ವಿಮಾನವನ್ನು ನನಗಿಂತ ಚೆನ್ನಾಗಿ ಏರಿಸಿದ. ತೊಂದರೆ ಶುರುವಾದದ್ದು ಗುಲಾಬಿ ಗೆರೆಯಿಂದ.

‘ಲೇ ಶಂಕ್ರಾ, ನಿನ್ನ ಗೆರಿ ಮಂದಿ ಹೊಲದಾಗ ಹೊಂಟದಲ್ಲೋ!’

‘ಮ್ಯಾಲ ಹೊಲ ಎಲ್ಲಿ ಬಂತ್ರಿ ಮಾಮಾ, ಗೆರಿ ಮ್ಯಾಲ ಹೋಗ್ರಿ.’

‘ನಲವತ್ತು ವರ್ಷದಾಗ ಒಬ್ಬರ ಹೊಲದಾಗ ಗಾಲಿ ಇಟ್ಟಿಲ್ಲ ನಾ’ ಎಂದು ಮಾಮಾ ವಿಮಾನವನ್ನು ಕೆಳಗಿಳಿಸಿ ರಸ್ತೆ ಹುಡುಕಿ ಹಿಡಿದ. ರಸ್ತೆ ತಿರುಗಿದರೆ ವಿಮಾನವೂ ತಿರುಗುತ್ತಿತ್ತು. ರಾಯಚೂರು ಬಂತು, ಕಲ್ಮಲಾ ಬಂತು, ಗಬ್ಬೂರು ಬಂತು. ಎದುರಿಗೆ ಯಾವ ಗಾಡಿಯೂ ಇಲ್ಲದಿದ್ದರೂ ತಿರುವಿನಲ್ಲಿ ಎಡಕ್ಕೆ ಸರಿಯುತ್ತಿದ್ದ. ಕಿವಿಯಲ್ಲಿ ಕಂಟ್ರೋಲರ್ ಬಡಬಡಿಸುತ್ತಲೇ ಇದ್ದ. ದೇವದುರ್ಗದ ತೆಂಗಿನ ತೋಪು ದಾಟಿತು. ಮುಂದೆ ಜಾಲಹಳ್ಳಿ. ರಸ್ತೆಯ ಬದಿಗೆ ಒಂದು ಕರಿ ಹೊಲ ಕಂಡಿತು. ಅದು ಆಟದವರು ಬಳಿದ ಯಾವುದೋ ಬಣ್ಣ, ಅದು ಅಕ್ಕನಿಗೆ ಬೇಕಾಗಿರಲಿಲ್ಲ. ‘ನಮ್ಮ ಹೊಲಾ!’ ಎಂದು ಕೂಗುವ ಭರದಲ್ಲಿ ಬಾಯಲ್ಲಿ ಸೀಟಿ ಇರುವುದನ್ನು ಮರೆತಳು.

ಒಂದೇ ಸೀಟಿ. ಉದ್ದನೆಯದು.

ಮಾಮಾನ ತಪ್ಪಿಲ್ಲ. ಆ ಜಾಗದಲ್ಲಿ, ಆ ಹೊಲದ ಬದಿಯಲ್ಲಿ, ಒಂದು ಸೀಟಿ ಬಿದ್ದರೆ ಅವನ ಕಾಲು ಯಾರನ್ನೂ ಕೇಳುವುದಿಲ್ಲ. ಬಲಗಾಲನ್ನು ನೆಲಕ್ಕೆ ಧೊಪ್ಪನೆ ಒತ್ತಿದ, ಇಂಜಿನ್ನಿನ ಕೋಲನ್ನು ಪೂರ್ತಿ ಹಿಂದಕ್ಕೆಳೆದ, ವಿಮಾನವನ್ನು ರಸ್ತೆಯ ಎಡಕ್ಕೆ ತೆಗೆದುಕೊಂಡ. ಆಕಾಶದಲ್ಲಿ ವಿಮಾನ ನಿಂತಿತು. ನಿಂತ ವಿಮಾನ ಏನು ಮಾಡುತ್ತದೋ ಅದನ್ನೇ ಮಾಡಿತು. ಪರದೆ ಕಪ್ಪಾಯಿತು.

ಅಕ್ಕ ಮೆಲ್ಲಗೆ ಬಾಯಿಂದ ಸೀಟಿ ತೆಗೆದು, ‘ನಮ್ಮ ಹೊಲದಾಗ ಬಿತ್ತೋ, ಬಾಜೂದವರದರಾಗೋ?’ ಎಂದು ಕೇಳಿದಳು.

ನಾನು ಕೆಟ್ಟೆನೆಂದುಕೊಂಡೆ. ಇನ್ನು ಮಾಮಾ ಈ ಜನ್ಮದಲ್ಲಿ ವಿಮಾನ ಹತ್ತುವುದಿಲ್ಲ, ಅಕ್ಕನೂ ಹತ್ತುವುದಿಲ್ಲ, ಅದಕ್ಕೆ ನಾನೇ ಕಾರಣ. ಆದರೆ ಮಾಮಾ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಬೇರೆಯೇ ಏನನ್ನೋ ಯೋಚಿಸುತ್ತಿದ್ದ.

‘ನಿನ್ನ ಕಿವ್ಯಾಗ ಅಂವ ಏನೋ ಒದರಾಕತ್ತಿದ್ನಲ್ಲ, ಏನಂತ?’

‘ಎಲ್ಲಿದ್ದೀ, ಯಾಕ ಕೆಳಗ ಇಳದಿ, ಏನಾಗ್ಯದ ಹೇಳು ಅಂತ ಕೇಳಾಕತ್ತಿದ್ದ.’

‘ಎಲ್ಲೀತನಾ ಕೇಳಿದ?’

‘ಬೀಳೂತನಾ ಕೇಳಿದ.’

‘ಹೈದರಾಬಾದಿನಾಂವ?’

‘ಅಂವ ಮುಂದಿನಾಂವಗ ಒಪ್ಪಿಸಿದ್ದ, ಮುಂದಿನಾಂವ ಕೇಳಿದ. ಅದು ಮನಿಷಾ ಅಲ್ರಿ ಮಾಮಾ, ಆಟದಾಗ ಯಂತ್ರ. ಆದ್ರ ಖರೇ ವಿಮಾನದಾಗ ಖರೇ ಮನಿಷಾನ ಇರ್ತಾನ. ಏರಿದಾಗಿಂದ ಇಳಿಯೂತನಾ ಒಬ್ಬರಲ್ಲ ಒಬ್ಬರು ಕೇಳ್ತಿರ್ತಾರ.’

ಮಾಮಾ ನನ್ನ ಮುಖವನ್ನೇ ನೋಡಿದ. ‘ಗಬ್ಬೂರ ಹತ್ರ ಮಳಿಯಾಗ ನನ್ನ ಗಾಡಿ ಕೆಟ್ಟು ನಿಂತಿತ್ತು, ನೆನಪದ ಏನು? ನಾಕು ತಾಸು. ಐವತ್ತು ಮಂದಿ. ನೀ ಕಿಂಡ್ಯಾಗ ಕುಂತಿದ್ದಿ. ಒಮ್ಮೆರ ಕೇಳಿದ್ಯಾ, ಮಾಮಾ ಎಲ್ಲದಾನ ಅಂತ? ಕಡೀಕ ಬಂದು ಮುಟ್ಟಿದ್ರ ತಡ ನಾಕು ತಾಸು ಅಂತ ಹಾಕಿದಿ. ಯಂತ್ರ ಕೇಳ್ತದ, ನೀ ಕೇಳಲಿಲ್ಲ.’

ಗಡಿಯಾರ ತೋರಿಸಿದ್ದನ್ನೇ ಹಾಕಿದ್ದೆ, ಅದು ನಿಜ. ಆದರೆ ಆ ನಾಲ್ಕು ತಾಸು ನಾನು ಗಡಿಯಾರವನ್ನು ಮಾತ್ರ ನೋಡಿದ್ದೆ, ರಸ್ತೆಯನ್ನು ನೋಡಿರಲಿಲ್ಲ. ಇದು ಇಪ್ಪತ್ತು ವರ್ಷದ ಮೇಲೆ, ಹಲ್ಲು ಕೀಳಿಸಿಕೊಂಡವನ ಬಾಯಿಂದ ಕೇಳಿ ನನಗೆ ನಾಚಿಕೆಯಾಯಿತು.

‘ಅಷ್ಟು ಕೇಳಾವರು ಇದ್ರ ವಿಮಾನಕ್ಕ ಬರ್ತೀನಿ’ ಎಂದ ಮಾಮಾ. ಅಕ್ಕ ಸೀಟಿಯನ್ನು ಎದೆಗೆ ಒತ್ತಿಕೊಂಡಳು. ‘ಆದ್ರ ಒಂದು ಮಾತು. ಅವತ್ತು ನೀ ಜಾಲಹಳ್ಳ್ಯಾಗ ನಮ್ಮ ಮಾಳಿಗಿ ಮ್ಯಾಲ ಇರಬೇಕು. ಈ ಸಲ ನೋಡಿ ಎಂಟ್ರಿ ಹಾಕಬೇಕು.’

‘ಹಸರ ನಿಶಾನಿ ಹಿಡಕೊಂಡು ಕೈ ಮಾಡು ತಮ್ಮಾ’ ಎಂದಳು ಅಕ್ಕ. ‘ಇಷ್ಟು ವರ್ಷ ಕೆಳಗ ನಿಂತು ನಾ ಮಾಡೀನಿ. ನನಗೂ ಒಬ್ಬರು ಮಾಡಲಿ.’

ವಿಮಾನ ಹತ್ತುವ ಹಿಂದಿನ ದಿನವೇ ಅವರು ರೈಲಿಗೆ ಹೈದರಾಬಾದ್ ಸೇರಿಕೊಂಡರು. ಸೀಟಿ ಅಕ್ಕನ ಹತ್ತಿರವೇ ಇತ್ತು. ನಾನು ಬೆಳಗಿನ ಬಸ್ಸಿಗೆ ಜಾಲಹಳ್ಳಿಗೆ ಹೋದೆ. ಚೀಲದಲ್ಲಿ ನೋಟುಬುಕ್ಕು, ಹಸಿರು ನಿಶಾನಿ, ಪೆನ್ನು, ಸಾಲದ್ದಕ್ಕೆ ಇನ್ನೊಂದು ಪೆನ್ನು. ಲೆಕ್ಕ ಹಾಕಿಟ್ಟುಕೊಂಡಿದ್ದೆ. ಹೈದರಾಬಾದು ಬಿಡುವುದು ಒಂಬತ್ತೂವರೆಗೆ. ಆಟದಲ್ಲಿ ಅಷ್ಟು ಸಲ ಹಾರಿದ್ದೇನೆ, ಅರ್ಧ ಗಂಟೆಗೆ ನಮ್ಮ ತಲೆಯ ಮೇಲೆ. ಅಂದರೆ ಹತ್ತು ಗಂಟೆ.

ಇಲ್ಲಿ ನನ್ನ ಮೂವತ್ತೊಂದು ವರ್ಷದ ಅನುಭವ ಅಡ್ಡ ಬಂತು. ಬೋರ್ಡಿನ ಮೇಲೆ ಒಂಬತ್ತೂವರೆ ಎಂದಿದ್ದರೆ ಗಾಡಿ ಒಂಬತ್ತೂವರೆಗೆ ಬಿಡುತ್ತದೆಯೆ? ಡ್ರೈವರ್ ಚಹಾ ಕುಡಿಯಬೇಕು. ಯಾರದೋ ಗಂಟು ಮೇಲೆ ಏರಿಸಬೇಕು. ಬಾಗಿಲಲ್ಲಿ ಒಬ್ಬ ನಿಂತು, ನಮ್ಮ ಮಾವ ಒಂದಕ್ಕೆ ಹೋಗ್ಯಾನ ತಡೀರಿ ಎನ್ನಬೇಕು. ಏನಿಲ್ಲವೆಂದರೂ ಮುಕ್ಕಾಲು ತಾಸು ಸೇರಿಸಿಯೇ ಹಿಡಿಯಬೇಕು. ಹತ್ತೂವರೆಗೆ ಮಾಳಿಗೆ ಏರಿದರೆ ಸಾಕೆಂದು, ಬಸ್ ಸ್ಟ್ಯಾಂಡಿನ ತಗಡಿನ ಹೋಟೆಲಿನಲ್ಲಿ ಮಂಡಾಳ ಒಗ್ಗರಣೆ, ಮಿರ್ಚಿ ಹೇಳಿದೆ. ನೋಟುಬುಕ್ಕು ತೆಗೆದು ತಟ್ಟೆಯ ಪಕ್ಕ ಬಿಡಿಸಿಟ್ಟುಕೊಂಡು ತಾರೀಖು, ರೂಟು ಬರೆದು ಸಮಯದ ಜಾಗ ಖಾಲಿ ಬಿಟ್ಟೆ. ಎರಡನೆಯ ಮಿರ್ಚಿ ಕಚ್ಚಿದಾಗ ತಗಡಿನ ಮೇಲೆ ಗುಂಯ್ ಎಂದು ಸದ್ದು ಕೇಳಿತು. ಹೋಟೆಲಿನ ಗಡಿಯಾರ ನೋಡಿದೆ. ಹತ್ತಕ್ಕೆ ಹತ್ತು ನಿಮಿಷ ಕಡಿಮೆ. ‘ಇದು ಬ್ಯಾರೆ ರೂಟಿಂದು’ ಎಂದು ಹೋಟೆಲಿನವನಿಗೆ ತಿಳಿದವನ ಹಾಗೆ ಹೇಳಿ ಮೂರನೆಯ ಮಿರ್ಚಿಗೆ ಕೈ ಹಾಕಿದೆ.

ಹತ್ತೂವರೆಗೆ ಮಾಳಿಗೆ ಏರಿದೆ. ಹನ್ನೊಂದಾಯಿತು. ಹನ್ನೊಂದೂವರೆಯಾಯಿತು. ಕತ್ತು ನೋಯುತ್ತಿತ್ತು. ಎರಡು ಹದ್ದು ಹೋದವು. ಒಂದಕ್ಕೆ ನಿಶಾನಿ ಬೀಸಿಯೂ ಬೀಸಿದೆ. ಆಗ ಫೋನು ಬಂತು. ಅಕ್ಕ.

‘ತಮ್ಮಾ! ಹುಬ್ಬಳ್ಳಿ ಮುಟ್ಟಿದ್ವಿ! ಏನು ಗಾಡಿ ಅಂತಿ! ಮಂದಿ ಎಲ್ಲಾ ಬಂತು ಅಂತ ಹತ್ತು ನಿಮಿಷ ಮೊದಲ ಬಿಟ್ಟುಬಿಟ್ಟ ನೋಡು!’

ಹತ್ತು ನಿಮಿಷ ಮೊದಲು! ಅಂಥದೊಂದು ಎಂಟ್ರಿಯನ್ನು ನಾನು ನನ್ನ ಇಡೀ ನೌಕರಿಯಲ್ಲಿ ಹಾಕಿರಲಿಲ್ಲ. ಮಾಳಿಗೆಯ ಮೇಲೆ ಕುಸಿದು ಕೂತೆ.

‘ನಿಮ್ಮ ಮಾಮಾ ಏರಿದಾಗ ಮುಚ್ಚಿದ ಕಣ್ಣು ಇಳಿಯೂತನಾ ತೆರೀಲಿಲ್ಲ. ಕಿಟಕಿ ಕಡೆ ನಾನ ಕುಂತಿದ್ದೆ. ಸೀಟಿ ಊದೀನಿ ನೋಡು, ಮೆಲ್ಲಕ, ಎರಡು ಸಲ. ವಿಮಾನದಾಗಿನ ಹುಡಿಗಿ ಓಡಿ ಬಂದ್ಲು, ಏನು ಬೇಕ್ರಿ ಅಮ್ಮಾ ಅಂತ ನೀರು ಕೊಟ್ಟು ಹೋದ್ಲು.’ ಆಮೇಲೆ ದನಿ ತಗ್ಗಿಸಿದಳು. ‘ನಿನ್ನ ಕಂಡೆ ತಮ್ಮಾ. ಮಾಳಿಗಿ ಮ್ಯಾಲ ನಿಂತು ಹಸರ ನಿಶಾನಿ ಬೀಸಾಕತ್ತಿದ್ದಿ.’

ಆ ಎತ್ತರದಿಂದ ಏನು ಕಾಣುತ್ತದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ದಿನಾ ಹಾರುತ್ತೇನೆ. ಇಡೀ ಜಾಲಹಳ್ಳಿ ಅಂಗೈಯಷ್ಟು ಕಂಡರೆ ಹೆಚ್ಚು. ಮನುಷ್ಯ ಕಾಣುವುದಿಲ್ಲ, ನಿಶಾನಿಯಂತೂ ಇಲ್ಲವೇ ಇಲ್ಲ. ಅದರಲ್ಲೂ ತಗಡಿನ ಕೆಳಗೆ ಮಿರ್ಚಿ ತಿನ್ನುತ್ತ ಕೂತವನು ಹೇಗೆ ಕಂಡಾನು?

‘ಹೌದಕ್ಕಾ’ ಎಂದೆ. ‘ನಾನೂ ನಿನ್ನ ಕೈ ಕಂಡೆ. ಕಿಟಕ್ಯಾಗ.’

‘ಕಂಡಿತಾ?’

‘ಕಂಡಿತು. ಬಳೀನೂ ಕಂಡವು.’

ಆ ಕಡೆ ಅಕ್ಕ ಮೂಗು ಏರಿಸಿದ್ದು ಕೇಳಿಸಿತು. ಆಮೇಲೆ ಮಾಮಾನ ದನಿ. ‘ಲೇ ಶಂಕ್ರಾ, ಎಂಟ್ರಿ ಹಾಕಿದ್ಯಾ?’

‘ಹಾಕಾಕತ್ತೀನ್ರಿ ಮಾಮಾ.’

ನೋಟುಬುಕ್ಕು ತೆಗೆದೆ. ಪೆನ್ನಿನ ಮುಚ್ಚಳ ಈ ಸಲ ಬೇಗ ತೆಗೆದೆ. ಹೈದರಾಬಾದ್–ಹುಬ್ಬಳ್ಳಿ, ಜಾಲಹಳ್ಳಿ ಹಾಯ್ದದ್ದು ಒಂಬತ್ತು ಐವತ್ತಕ್ಕೆ, ಹತ್ತು ನಿಮಿಷ ಮುಂಚಿತ, ಕಂಟ್ರೋಲರ್ ಖುದ್ದು ನೋಡಿದ್ದಾನೆ. ಕೆಳಗೆ ಸಹಿ ಹಾಕಿದೆ.

ಹುಬ್ಬಳ್ಳಿಯಿಂದ ಬಂದ ಮೇಲೆ ಅಕ್ಕ ಸೀಟಿಯನ್ನು ನನ್ನ ಕಂಪ್ಯೂಟರಿಗೇ ಕಟ್ಟಿ ಹೋದಳು. ರಾಯಚೂರಿಗೆ ಬಂದಾಗಲೆಲ್ಲ ಆ ಪುಟ ತೆಗೆಸಿ, ಅಕ್ಷರದ ಮೇಲೆ ಬೆರಳಿಟ್ಟು ‘ಖುದ್ದು ನೋಡಿದ್ದಾನೆ’ ಎನ್ನುವ ತನಕ ಓದುತ್ತಾಳೆ. ಸಮಯ ಬರೆದ ಜಾಗದ ಪಕ್ಕದಲ್ಲಿ ಮಿರ್ಚಿಯ ಎಣ್ಣೆಯ ಕಲೆ ದುಂಡಗೆ ಕೂತಿದೆ. ಪುಟ ತೋರಿಸುವಾಗ ನಾನು ಅದರ ಮೇಲೆ ಹೆಬ್ಬೆರಳು ಇಟ್ಟುಕೊಂಡಿರುತ್ತೇನೆ.